ಕಣ್ಣು ಕಳೆದುಕೊಂಡವರಿಗೆ ಮಾತ್ರ

ಊರಿಗೆ ಊರೇ ಕಣ್ಣು ಕಳೆದುಕೊಂಡ ಮೇಲೆ ಬ್ರೈಲ್ ಕೀಬೋರ್ಡಿನ ಬೆಲೆ ಗಗನಕ್ಕೇರಿತ್ತು. ಹುಟ್ಟುಕುರುಡಿ ವಾರಿಜಾ ಅಂಗಡಿಯ ದೇವೇಂದ್ರಪ್ಪನ ಹತ್ತಿರ ರಿಯಾಯಿತಿ ಕೇಳಿದಳು.

"ರಿಯಾಯಿತಿ ಕಣ್ಣು ಕಳ್ಕೊಂಡೋರಿಗೆ ಮಾತ್ರ. ನೀವೇನಮ್ಮ ಕಳ್ಕೊಂಡಿದ್ದೀರಿ?"

ಅವಳ ಮೈಯೆಲ್ಲ ಉರಿಯಿತು. ಕೀಬೋರ್ಡನ್ನು ಅಲ್ಲೇ ಇಟ್ಟು ಹೊರಟಳು.

"ಅಂದ ಹಾಗೆ," ಎಂದ ದೇವೇಂದ್ರಪ್ಪ, "ಬಾಗಿಲಲ್ಲಿ ನಾನೇ ಚುಚ್ಚಿ ಬರೆದ ಬೋರ್ಡಿದೆ. ಜನ ತಡವಿ, ಒಳಗೆ ಬರದೇ ಮುಂದೆ ಹೋಗ್ತಾರೆ. ಸರಿಯಾಗಿದೆಯಾ ನೋಡಿ."

ಒಳಗೆ ಬರುವಾಗಲೇ ಅವಳು ಅದನ್ನು ತಡವಿದ್ದಳು. ಬ್ರೈಲಿನ ಉಬ್ಬುಚುಕ್ಕಿಗಳನ್ನು ಹಾಳೆಯ ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ ಬರೆಯಬೇಕು. ಈತ ಎಡದಿಂದ ಬರೆದಿದ್ದ. ಇಡೀ ಸಾಲು ತಿರುಗುಮುರುಗಾಗಿ ಯಾರಿಗೂ ಅರ್ಥವಾಗದಂತಿತ್ತು.

ವಾರಿಜಾ ಬೋರ್ಡಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು.

"ಮುತ್ತು ಪೋಣಿಸಿದ ಹಾಗಿದೆ ಸ್ವಾಮಿ. ಇನ್ನೂ ನಾಲ್ಕು ಕಡೆ ಹೀಗೇ ಬರೆದು ಹಾಕಿ," ಎಂದು ಮೆಟ್ಟಿಲಿಳಿದಳು.