ಎರಡನೇ ಕೆಮ್ಮು

ಊರಿನ ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ಸಾರಿನಲ್ಲಿ ಇಂದು ಉಪ್ಪು ಸರಿಯಾಗಿರತಕ್ಕದ್ದು. ರಾಜ್ಯದ ಹಳ್ಳಿಹಳ್ಳಿಯ ಊಟದ ಜಾಗಗಳ ಬಗ್ಗೆ ಪುಸ್ತಕ ಮಾಡುತ್ತಿರುವ ಪ್ರವಾಸೋದ್ಯಮ ಇಲಾಖೆಯ ಮೇಡಂ ಆಗಲೇ ಅಡುಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಪುಸ್ತಕಕ್ಕೆ ಸೇರಿದರೆ ಪ್ರವಾಸಿಗರ ಬಸ್ಸು ನಿಲ್ಲುತ್ತದೆ. ಸೇರದಿದ್ದರೆ, ಹೊಸ ರಸ್ತೆ ಊರಾಚೆ ಹೋದಂದಿನಿಂದ ನೊಣ ಹೊಡೆಯುತ್ತಿರುವ ಹೋಟೆಲಿಗೆ ಬೀಗವೇ ಗತಿ. ಯಜಮಾನನೂ ಅಡುಗೆಯವನೂ ಆದ ಸಾರಣ್ಣನ ಎದೆ ಸಾರಿಗಿಂತ ಜೋರಾಗಿ ಕುದಿಯುತ್ತಿತ್ತು. ಹೋದ ತಿಂಗಳ ಜ್ವರ ಬಿಟ್ಟು ಹೋಗುವಾಗ ಅವನ ನಾಲಗೆಯ ರುಚಿಯನ್ನೂ ಜತೆಗೆ ಕರೆದುಕೊಂಡು ಹೋಗಿತ್ತು. ಈಗ ಉಪ್ಪೂ ಒಂದೇ, ಸುಣ್ಣವೂ ಒಂದೇ. ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ರುಚಿ ಗೊತ್ತಾಗದ ಅಡುಗೆಯವನ ಕೈರುಚಿಯನ್ನು ಯಾವ ಪುಸ್ತಕ ಹೊಗಳೀತು?

ಬೆಳಗ್ಗೆಯೇ ಒಪ್ಪಂದವಾಗಿತ್ತು.

“ರೀ, ನಾನು ಕದ್ದು ರುಚಿ ನೋಡ್ತೀನಿ. ಒಂದ್ಸಲ ಕೆಮ್ಮಿದ್ರೆ ಉಪ್ಪು ಹಾಕಿ. ಎರಡು ಸಲ ಕೆಮ್ಮಿದ್ರೆ ಸರಿಯಾಗಿದೆ ಅಂತ, ಸುಮ್ನೆ ಬಡಿಸಿ.”

“ಜಗಲಿ ಮೇಲೆ ಅಪ್ಪ ಬೀಡಿ ಸೇದಿ ದಿನವೆಲ್ಲಾ ಕೆಮ್ಮೋದು ಸಾಲ್ದು ಅಂತ ಈಗ ನಿಂದೂನಾ? ನಿಜವಾಗ್ಲೂ ಕೆಮ್ಮು ಬಂದ್ರೆ?”

“ನುಂಗ್ಕೋತೀನಿ. ನಿಮ್ಮನ್ನ ಕಟ್ಕೊಂಡ ಮೇಲೆ ನುಂಗಿರೋದೇನು ಕಡಿಮೆನಾ?”

ಮೇಡಂ ಬಗ್ಗಿ ಒಲೆಯ ಫೋಟೋ ತೆಗೆಯುವ ಹೊತ್ತಿಗೆ ಹೆಂಡತಿ ಅಂಗೈಗೆ ಸಾರು ಹನಿಸಿ ನೆಕ್ಕಿದಳು. ಆಮೇಲೆ ಕೆಮ್ಮಿದಳು.

ಮೇಡಂ ತಟ್ಟನೆ ತಲೆಯೆತ್ತಿದರು. “ಕೆಮ್ಮು ಇದೆಯಾ ನಿಮಗೆ?”

“ಇಲ್ಲ ಮೇಡಂ, ಒಗ್ಗರಣೆ ಘಾಟು.”

“ಒಗ್ಗರಣೆ ಇನ್ನೂ ಹಾಕೇ ಇಲ್ವಲ್ಲಮ್ಮ. ಕೆಮ್ಮೋರು ಅಡುಗೆಮನೇಲಿ ಇರೋ ಹಾಗಿಲ್ಲ, ನಮ್ಮ ನಿಯಮ. ಬನ್ನಿ, ಹೊರಗೆ ಕೂತ್ಕೊಳ್ಳಿ.” ಮರ್ಯಾದೆಯಿಂದಲೇ ತೋಳು ಹಿಡಿದು ಅವಳನ್ನು ಜಗಲಿಗೆ ಬಿಟ್ಟು ಬಂದು ಬಾಗಿಲು ಹಾಕಿದರು. “ಹೂಂ ಅಣ್ಣ, ಉಪ್ಪು ಖಾರ ನೋಡ್ಕೊಂಡು ಬಡಿಸಿ.”

ಸಾರಣ್ಣನ ಕೈ ಉಪ್ಪಿನ ಡಬ್ಬಿಯೊಳಗೇ ಉಳಿಯಿತು. ಅದು ಪೂರ್ತಿ ಒಂದು ಕೆಮ್ಮೋ, ಎರಡರಲ್ಲಿ ಮೊದಲನೆಯದೋ? ಮುಷ್ಟಿಯಲ್ಲಿದ್ದ ಉಪ್ಪು ಬೆವರಿಗೆ ಕರಗತೊಡಗಿತು.

ಅಷ್ಟರಲ್ಲಿ ಬಾಗಿಲಾಚೆ ಒಂದು ಕೆಮ್ಮು ಕೇಳಿಸಿತು. ಹಿಂದೆಯೇ ಇನ್ನೊಂದು. ಬದುಕಿಸಿದಳು ಪುಣ್ಯಾತ್ಗಿತ್ತಿ ಎಂದು ಅವನು ಡಬ್ಬಿಯಿಂದ ಕೈ ತೆಗೆಯುವಷ್ಟರಲ್ಲಿ ಮೂರನೆಯದು ಬಂತು, ನಾಲ್ಕನೆಯದು ಬಂತು, ಬಾಗಿಲ ಸಂದಿಯಿಂದ ಬೀಡಿಯ ಹೊಗೆಯೂ ಬಂತು.