ಹೊಟ್ಟೆಗೆ ಕಟ್ಟಿದ ಹೆಪ್ಪು

ಅತ್ತೆ ಅಂಬಕ್ಕನ ಹೊಟ್ಟೆಗೆ ಒಗ್ಗುತ್ತಿದ್ದದ್ದು ಇಡೀ ಹಗಲುರಾತ್ರಿ ಹೆಪ್ಪಾದ ಹುಳಿಮೊಸರು ಮಾತ್ರ. ಆದರೆ ದಿನಕ್ಕೆರಡು ಸಲ ಚಾವಣಿಯಿಂದ ಶುದ್ಧಿಬೆಳಕು ಸುರಿದು, ಮನುಷ್ಯರ ಮೈಯನ್ನಷ್ಟೇ ಬಿಟ್ಟು, ಮನೆಯ ಕ್ರಿಮಿಗಳನ್ನೆಲ್ಲ ಕೊಲ್ಲುತ್ತಿತ್ತು. ಸೊಸೆ ವಾರಿಜಾ ದಿನವೂ ಊರಾಚೆಯಿಂದ ಹೆಪ್ಪು ತಂದಳು. ಪಾತ್ರೆಯನ್ನು ಅಕ್ಕಿಡಬ್ಬಿಯಲ್ಲಿ ಹೂತಳು, ಕಂಬಳಿ ಸುತ್ತಿದಳು. ನಾಲ್ಕು ದಿನವೂ ಹಾಲು ಹಾಲಾಗಿಯೇ ಉಳಿಯಿತು.

ಐದನೆಯ ದಿನ ರೋಸಿಹೋಗಿ ಪಾತ್ರೆಯನ್ನು ಸೀರೆಯೊಳಗೆ ಹೊಟ್ಟೆಗೇ ಕಟ್ಟಿಕೊಂಡಳು. ಬೆಳಕು ಅವಳನ್ನು ಸವರಿ, ಥಟ್ಟನೆ ನಿಂತಿತು.

“ಅಭಿನಂದನೆಗಳು! ಗರ್ಭಿಣಿ ಇರುವ ಮನೆಗೆ ಇನ್ನು ಗಂಟೆಗೊಮ್ಮೆ ಶುದ್ಧಿ,” ಎಂದಿತು ಗೋಡೆ.

“ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ನಂಗೆ ಐವತ್ತೆಂಟು ಕಣೋ!” ವಾರಿಜಾ ಗಂಟು ಬಿಚ್ಚಲು ಕೈ ಹಾಕಿದಳು.

“ಬಿಚ್ಚಬೇಡ ಕಣೇ,” ಎಂದರು ಅಂಬಕ್ಕ ಮಂಚದಿಂದ. “ಬಾಣಂತನ ನಾನೇ ಮಾಡ್ತೀನಿ.”