ಐವತ್ನಾಲ್ಕನೆಯದು

“ಇಲ್ಲಿ ಸಹಿ ಮಾಡಿ ಅಮ್ಮ. ಮಧ್ಯಾಹ್ನದೊಳಗೆ ಟಗರಿನ ಬೀಜ ಒಡೆಸಿ ಕಳಿಸಿಕೊಡ್ತೀವಿ,” ಎಂದು ಪ್ರಯೋಗಾಲಯದ ಮುಖ್ಯಸ್ಥರು ಕಾಗದವನ್ನು ಮುಂದೆ ತಳ್ಳಿದರು.

ಕುರಿಗಾರ್ತಿ ಕಾಗದ ಮುಟ್ಟಲಿಲ್ಲ. “ನನ್ನ ಟಗರಿಗೆ ಏನಾಗಿದೆ ಅಂತ ಮೊದಲು ಹೇಳಿ.”

“ಕುರಿಯ ಪ್ರತಿ ಜೀವಕೋಶದಲ್ಲೂ ವರ್ಣತಂತು ಅಂತ ಐವತ್ನಾಲ್ಕು ಎಳೆ ಇರಬೇಕು. ಅಪ್ಪ ಅಮ್ಮನಿಂದ ಮರಿಗೆ ಬರೋದೆಲ್ಲ ಅದರಲ್ಲೇ. ನಿಮ್ಮ ಹನ್ನೊಂದು ಹೆಣ್ಣು ಕುರಿಗಳಿಗೂ ಲೆಕ್ಕ ಸರಿಯಾಗಿದೆ. ಇದಕ್ಕೆ ಮಾತ್ರ ಐವತ್ತಮೂರು. ಯಾವುದೋ ಎರಡು ಒಂದಕ್ಕೊಂದು ಅಂಟಿಕೊಂಡಿವೆ. ಈ ದೋಷ ಮರಿಗಳಿಗೂ ದಾಟುತ್ತೆ.”

ಗಂಡು ಮರಿಗಳೆಲ್ಲ ಸಂತೆಗೆ ಹೋಗಿ, ಆ ನಾಟಿ ತಳಿಯಲ್ಲಿ ಉಳಿದಿದ್ದ ಟಗರು ಅದೊಂದೇ. ಅದನ್ನು ಕೈಬಿಟ್ಟರೆ ಬೇರೆ ಜಾತಿಯ ಟಗರನ್ನೇ ಮಂದೆಗೆ ಬಿಡಬೇಕು. ಅವಳ ಅಜ್ಜಿಯ ಅಜ್ಜಿ ಮೇಯಿಸಿದ ಕಪ್ಪು ಮುಖದ ಕುರಿಗಳ ಕಥೆ ಅಲ್ಲಿಗೆ ಮುಗಿದಂತೆ.

“ಎಣಿಸಿದ್ದು ಯಾರು?”

“ನಾನೇ ಅಕ್ಕ,” ಎಂದಳು ಬಾಗಿಲ ಬಳಿ ನಿಂತಿದ್ದ ತಂತ್ರಜ್ಞೆ. ಹದಿನಾರು ವರ್ಷದಿಂದ ಅವಳಿಗೆ ಅದೇ ಕೆಲಸ. ಇದುವರೆಗೆ ಒಂದು ಎಣಿಕೆಯೂ ತಪ್ಪಿದ್ದಿಲ್ಲ. “ಮೂವತ್ತು ಕೋಶ ನೋಡಿದೆ. ಎಲ್ಲದರಲ್ಲೂ ಅಷ್ಟೇ.”

ಕುರಿಗಾರ್ತಿ ಅವಳತ್ತ ತಿರುಗಿದಳು. “ನಿಮ್ಮ ವಿದ್ಯೆ ನನಗೆ ತಿಳಿಯಲ್ಲ ತಂಗಿ. ಒಂದೇ ಒಂದು ತೋರಿಸು. ಆ ಎಳೆಗಳಲ್ಲಿ ಇದನ್ನ ಗಂಡು ಮಾಡಿದ್ದು ಯಾವುದು? ಅದನ್ನ ಕಣ್ಣಾರೆ ನೋಡ್ತೀನಿ, ಆಮೇಲೆ ಸಹಿ ಹಾಕ್ತೀನಿ.”

ತಂತ್ರಜ್ಞೆ ಕಂಪ್ಯೂಟರಿನಿಂದ ತೆಗೆದ ಚಿತ್ರವೊಂದನ್ನು ಮೇಜಿನ ಮೇಲೆ ಹರಡಿದಳು. ಗಂಡಿನ ಎಳೆ ಎಲ್ಲಕ್ಕಿಂತ ಚಿಕ್ಕದು. ಅವಳ ಬೆರಳು ಎಳೆಯಿಂದ ಎಳೆಗೆ ಜರುಗಿ ಚಿತ್ರವನ್ನು ಎರಡು ಸುತ್ತು ಹಾಕಿತು. ಮೂರನೆಯ ಸುತ್ತಿಗೆ ಅರ್ಧದಲ್ಲೇ ನಿಂತಿತು.

“ಇಲ್ಲ ಸಾರ್.”

“ಇಲ್ಲ ಅಂದ್ರೆ?”

“ಗಂಡಿನ ಎಳೆಯೇ ಇಲ್ಲ.”

“ಹೋದ ವರ್ಷ ಒಂಬತ್ತು ಮರಿ ಆಗಿವೆ,” ಎಂದಳು ಕುರಿಗಾರ್ತಿ. “ಅವಕ್ಕೆಲ್ಲ ಅಪ್ಪ ನಾನಾ ಹಾಗಾದ್ರೆ?”

ಮುಖ್ಯಸ್ಥರು ಬಾಯಿ ತೆರೆಯುವಷ್ಟರಲ್ಲಿ ತಂತ್ರಜ್ಞೆ ಪಡಸಾಲೆ ದಾಟಿಯಾಗಿತ್ತು. ಇಬ್ಬರೂ ಹಿಂದೆಯೇ ಹೋದರು. ಅವಳು ಕಂಪ್ಯೂಟರಿನ ತಂಟೆಗೆ ಹೋಗದೆ, ಮೂಲೆಯಲ್ಲಿದ್ದ ಹಳೆಯ ಸೂಕ್ಷ್ಮದರ್ಶಕದ ಹೊದಿಕೆ ಕಿತ್ತು, ಟಗರಿನ ರಕ್ತ ಹಚ್ಚಿದ್ದ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಕಣ್ಣಿಟ್ಟಳು. ತುಟಿ ಸದ್ದಿಲ್ಲದೆ ಆಡುತ್ತಿತ್ತು. ಒಂದು ಕೋಶ ಮುಗಿಯಿತು, ಇನ್ನೊಂದು, ಮತ್ತೊಂದು. ಹತ್ತನೆಯದು ಮುಗಿದಾಗ ತಲೆಯೆತ್ತಿದಳು. ಕಣ್ಣು ತುಂಬಿತ್ತು.

“ಐವತ್ನಾಲ್ಕು ಸಾರ್. ಹತ್ತಕ್ಕೆ ಹತ್ತರಲ್ಲೂ. ಚಿತ್ರ ಶುದ್ಧ ಮಾಡೋ ಹೊಸ ಪ್ರೋಗ್ರಾಂ ಇದನ್ನ ಧೂಳು ಅಂತ ಅಳಿಸಿಹಾಕಿದೆ. ಅದು ಬಂದಮೇಲೆ ನೋಡಿದ್ದೆಲ್ಲ ಹೆಣ್ಣು ಕುರಿ, ಅವುಗಳಲ್ಲಿ ಈ ಎಳೆ ಇರೋದೇ ಇಲ್ಲ, ಅದಕ್ಕೇ ಇಲ್ಲೀವರೆಗೂ ಗೊತ್ತಾಗಲಿಲ್ಲ. ಗಾಜಲ್ಲಿ ನೋಡದೆ ಪರದೆ ನಂಬಿದ್ದು ನನ್ನ ತಪ್ಪು.”

ಮುಖ್ಯಸ್ಥರೂ ಕೂತು ಎಣಿಸಿದರು. ಯಾವ ಎಳೆಯೂ ಯಾವುದಕ್ಕೂ ಅಂಟಿರಲಿಲ್ಲ. ಎದ್ದವರು ತಮ್ಮ ಸಹಿಯಿದ್ದ ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ತಳಿಯ ದಾಖಲೆ ಪುಸ್ತಕ ತೆರೆದು, ಟಗರುಗಳ ಖಾಲಿ ಪುಟದ ಮೊದಲ ಸಾಲಿನಲ್ಲಿ ದಪ್ಪಕ್ಷರದಲ್ಲಿ ಬರೆದರು: ‘ಐವತ್ನಾಲ್ಕು. ದೋಷವಿಲ್ಲ.’

“ಮೊದಲನೇ ನಂಬರು ನಿಮ್ಮದೇ ಅಮ್ಮ,” ಎಂದರು. “ಕೇಳಬೇಕಾದ ಪ್ರಶ್ನೆ ನಾವು ಕೇಳಲಿಲ್ಲ. ನೀವು ಕೇಳಿದಿರಿ.”

ತಂತ್ರಜ್ಞೆ ಕುರಿಗಾರ್ತಿಯ ತೋಳು ಹಿಡಿದು ತನ್ನ ಕುರ್ಚಿಯಲ್ಲೇ ಕೂರಿಸಿದಳು. ಕುರಿಗಾರ್ತಿ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಚೆಲ್ಲಿದ ನೇರಳೆ ದಾರದ ತುಂಡುಗಳ ನಡುವೆ, ಸಾಸಿವೆಯ ಸಿಪ್ಪೆಯಷ್ಟೂ ಇಲ್ಲದ ಒಂದು ಚುಕ್ಕೆ.

“ಗಂಡು ಅಂದ್ರೆ ಇದೇನಾ?”

“ಅದೇ ಅಕ್ಕ.”

ಅವಳು ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು:

“ಇಷ್ಟಕ್ಕೇನಾ ಅಷ್ಟು ದೊಡ್ಡ ಕೊಂಬು.”